ಬೇಲರ್ ಕೊಳ್ಳುವ ಮೊದಲು ಕೊಟ್ಟಿಗೆ ಎಣಿಸಿ

ಪ್ರಶ್ನೆ: ನಾನು ಹರಿಹರ ತಾಲ್ಲೂಕಿನ ಮಲೇಬೆನ್ನೂರು ಕಡೆಯ ರೈತ, ವಯಸ್ಸು 29. ಭದ್ರಾ ನಾಲೆಯ ಕೆಳಗೆ ನಾಲ್ಕು ಎಕರೆ ಗದ್ದೆ, 42 ಎಚ್.ಪಿ. ಟ್ರ್ಯಾಕ್ಟರ್, ಒಂದು ಟ್ರೇಲರ್ ಇವೆ. ನಮ್ಮ ಸುತ್ತಮುತ್ತ ಮಿಷನ್ ಕೊಯ್ಲು ಮುಗಿದ ಮೇಲೆ ಎಷ್ಟೋ ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿ ಇಡುತ್ತಾರೆ. ಸಾಲ ಮಾಡಿ, ಹುಲ್ಲನ್ನು ಒತ್ತಿ ಪೆಂಡಿ ಕಟ್ಟುವ ಬೇಲರ್ ಯಂತ್ರ ತಂದು, ಹುಲ್ಲು ಕಟ್ಟಿ ಮಾರುವ ಉದ್ಯೋಗ ಶುರು ಮಾಡಬೇಕೆಂದಿದ್ದೇನೆ. ಯಾವ ಬೇಲರ್ ಒಳ್ಳೆಯದು? ಸಹಾಯಧನ ಸಿಗುತ್ತದೆಯೇ? ವರ್ಷಕ್ಕೆ ಎಷ್ಟು ಉಳಿದೀತು? ಹುಲ್ಲು ಮಾರಿ ಯಾರೂ ಮನೆ ಕಟ್ಟಿಲ್ಲ ಎಂದು ತಂದೆಯವರು ಬೇಡ ಅನ್ನುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಆ ಬೆಂಕಿಯ ಮಾತು. ನಾಲೆಯ ಕೆಳಗಿನ ಗದ್ದೆಯಲ್ಲಿ ಹುಲ್ಲು ಹೊಗೆಯಾಗುವ ಅದೇ ವಾರ, ಅಲ್ಲಿಂದ ಎರಡು ತಾಸು ದೂರದ ಊರಿನಲ್ಲಿ ಒಬ್ಬ ಹೆಣ್ಣುಮಗಳು ಹಸುವಿಗೆ ಮೇವು ಸಾಲದೆ ಒಂದು ಹೊತ್ತಿನ ಹಾಲು ಕಳೆದುಕೊಂಡಿರುತ್ತಾಳೆ. ಈ ಎರಡರ ನಡುವೆ ನಿಲ್ಲುವುದೇ ನೀವು ಹೇಳುತ್ತಿರುವ ಉದ್ಯೋಗ. ಮಾಡಬಹುದಾದದ್ದೇ. ಆದರೆ ನೀವು ಮೊದಲು ಕೇಳಿದ ಯಂತ್ರದ ಪ್ರಶ್ನೆಗೆ ಆಮೇಲೆ ಉತ್ತರ ಕೊಡುತ್ತೇನೆ. ನಾನು ಕೃಷಿ ಇಂಜಿನಿಯರಿಂಗ್ ಓದಿದವನು, ಓದಿದ್ದಕ್ಕಿಂತ ಹೆಚ್ಚು ಕಲಿತದ್ದು ಹನ್ನೊಂದು ವರ್ಷ ಎರಡು ಬೇಲರ್ ನಡೆಸಿದಾಗ. ಈ ಕಸುಬಿಗೆ ಇಳಿದು ಕೈಸುಟ್ಟುಕೊಂಡವರಲ್ಲಿ ಕೆಟ್ಟ ಯಂತ್ರ ತಂದು ಸೋತವರು ಕಡಿಮೆ. ಕಟ್ಟಿದ ಹುಲ್ಲನ್ನು ಎಲ್ಲಿ ಇಡುವುದು, ಯಾರಿಗೆ ಕೊಡುವುದು ಎಂದು ಮೊದಲೇ ಯೋಚಿಸದೆ ಸೋತವರೇ ಹೆಚ್ಚು.

ಹಾಗಾಗಿ ಮೊದಲ ಕೆಲಸ ಎಣಿಕೆ. ಒಂದು ಮನೆಯಲ್ಲಿ ಎರಡು ಕರೆಯುವ ಹಸುಗಳಿವೆ ಎಂದಿಟ್ಟುಕೊಳ್ಳಿ. ಹಸಿಮೇವು, ಹಿಂಡಿಯ ಜೊತೆಗೆ ಒಂದೊಂದಕ್ಕೆ ದಿನಕ್ಕೆ ಐದು ಕಿಲೋ ಒಣಹುಲ್ಲು ಹಾಕಿದರೆ ದಿನಕ್ಕೆ ಹತ್ತು ಕಿಲೋ ಆಯಿತು. ಇಪ್ಪತ್ತು ಕಿಲೋದ ಪೆಂಡಿಯಲ್ಲಿ ಅರ್ಧ. ಮಳೆಗಾಲದ ನಾಲ್ಕು ತಿಂಗಳಿಗೆ ಆ ಮನೆಗೆ 60 ಪೆಂಡಿ ಬೇಕು. ನೀವು 2,000 ಪೆಂಡಿ ಕಟ್ಟಿಟ್ಟರೆ ಅದು ಹೆಚ್ಚುಕಡಿಮೆ 33 ಮನೆಗಳ ಹುಲ್ಲು. ನಿಮ್ಮ ಉದ್ಯೋಗದ ಮೊದಲ ವರ್ಷ ಅಂದರೆ ಆ ಮೂವತ್ಮೂರು ಮನೆಗಳೇ. ಅವು ಯಾವುವು ಎಂದು ಹೆಸರು ಹಿಡಿದು ಹೇಳಲು ಬಂದ ದಿನ ನೀವು ಬೇಲರ್ ನೋಡಲು ಹೋಗಿ.

ನಿಮ್ಮ ಜಾಗ ಇದಕ್ಕೆ ಒಳ್ಳೆಯ ಜಾಗ. ಒಂದು ಕಡೆ ಹೊನ್ನಾಳಿ, ಶಿವಮೊಗ್ಗ ದಾಟಿದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಮಲೆನಾಡು. ಅಲ್ಲಿ ಮಳೆ ಹಿಡಿದ ಮೇಲೆ ತಿಂಗಳುಗಟ್ಟಲೆ ಹುಲ್ಲು ಒಣಗಿಸುವ ಮಾತೇ ಇಲ್ಲ, ಆದ್ದರಿಂದ ಮೇ ತಿಂಗಳೊಳಗೆ ಅಟ್ಟ ತುಂಬಿಸಿಕೊಳ್ಳುತ್ತಾರೆ. ಇನ್ನೊಂದು ಕಡೆ ಜಗಳೂರು, ಚಳ್ಳಕೆರೆಯ ಒಣ ಸೀಮೆ. ಅಲ್ಲಿ ಕೊರತೆ ಬರುವುದು ಮಾರ್ಚ್‌ನಿಂದ ಜೂನ್‌ವರೆಗೆ. ಎರಡು ಸೀಮೆಗೂ ಒಂದೇ ಹುಲ್ಲು, ಬೇಡಿಕೆಯ ಕಾಲ ಬೇರೆ. ಮಲೆನಾಡಿನವರು ಹುಲ್ಲಿನ ಬಣ್ಣ ನೋಡುತ್ತಾರೆ, ಮೂಸಿ ನೋಡುತ್ತಾರೆ. ಕೆಂಪಾದ ಹುಲ್ಲನ್ನು ಬೇಡ ಎಂದು ವಾಪಸು ಕಳಿಸುತ್ತಾರೆ. ಒಣ ಸೀಮೆಯವರು ರಾಗಿಹುಲ್ಲು, ಜೋಳದ ಸೊಪ್ಪೆ ತಿನ್ನಿಸಿ ರೂಢಿಯಾದವರು. ಭತ್ತದ ಹುಲ್ಲನ್ನು ಮೊದಲು ಅನುಮಾನದಿಂದಲೇ ನೋಡುತ್ತಾರೆ. ಅವರ ಅನುಮಾನದಲ್ಲಿ ಹುರುಳಿದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಸಸಾರಜನಕ ನೂರಕ್ಕೆ ಮೂರು ನಾಲ್ಕರಷ್ಟು ಮಾತ್ರ. ಅದು ಹೊಟ್ಟೆ ತುಂಬಿಸುವ ಮೇವು, ಹಾಲು ತುಂಬಿಸುವ ಮೇವಲ್ಲ. ಮಾರುವವರು ಇದನ್ನು ಮುಚ್ಚಿಡಬಾರದು. ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾವನ್ನು ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಿಂಪಡಿಸಿ, ಗಾಳಿಯಾಡದಂತೆ ಮುಚ್ಚಿ 21 ದಿನ ಬಿಟ್ಟರೆ ಅದೇ ಹುಲ್ಲಿನ ಸತ್ವ ಏರುತ್ತದೆ. ಪಶುವೈದ್ಯರನ್ನು ಕೇಳಿಕೊಂಡು ಮಾಡುವ ಕೆಲಸವಿದು, ಸಣ್ಣ ಕರುಗಳಿಗೆ ಆ ಹುಲ್ಲು ಸಲ್ಲದು. ಇದನ್ನು ಹೇಳಿಕೊಟ್ಟ ವ್ಯಾಪಾರಿಯನ್ನು ಗಿರಾಕಿ ಮರೆಯುವುದಿಲ್ಲ.

ಇನ್ನು ಉಳಿಕೆಯ ಲೆಕ್ಕ. ಇಲ್ಲಿ ನಾನು ಹಾಕುವ ದರಗಳು ದಾರಿ ತೋರಿಸುವುದಕ್ಕೆ ಮಾತ್ರ. ನಿಮ್ಮ ಊರಿನ ಈ ವರ್ಷದ ದರ ಹಾಕಿ ಮತ್ತೆ ಕೂಡಿ. ಎರಡು ಅಡಿ ದಪ್ಪ, ಮೂರು ಅಡಿ ಉದ್ದದ ಉರುಳೆ ಪೆಂಡಿ ಕಟ್ಟುವ ಸಣ್ಣ ಬೇಲರ್ ತೆಗೆದುಕೊಳ್ಳೋಣ. ಮಾರುವವರು ಅರ್ಧ ನಿಮಿಷಕ್ಕೊಂದು ಪೆಂಡಿ ಅನ್ನುತ್ತಾರೆ. ಸಾಲಿನ ತುದಿಯಲ್ಲಿ ತಿರುಗಿಸುವುದು, ದಾರ ತುಂಡಾಗುವುದು, ಬದು ದಾಟುವುದು, ಊಟ, ಗ್ರೀಸ್ ಎಲ್ಲ ಸೇರಿದರೆ ದಿನಕ್ಕೆ 300 ಪೆಂಡಿ ಕಟ್ಟಿದವನು ಚೆನ್ನಾಗಿ ದುಡಿದ ಹಾಗೆ. ಎಕರೆಗೆ 60 ಪೆಂಡಿ ಅಂದುಕೊಂಡರೆ ಅದು ಐದು ಎಕರೆ. ಮಳೆಗಾಲದ ಬೆಳೆಯ ಕೊಯ್ಲಿನಲ್ಲಿ ಇಪ್ಪತ್ತು ಇಪ್ಪತ್ತೆರಡು ದಿನ, ಬೇಸಿಗೆ ಬೆಳೆಯಲ್ಲಿ ಹದಿಮೂರು ಹದಿನೈದು ದಿನ, ಒಟ್ಟು 35 ದಿನ ಕೆಲಸ ಸಿಕ್ಕಿತು ಎಂದರೆ 10,500 ಪೆಂಡಿ.

ಪೆಂಡಿಯೊಂದಕ್ಕೆ ಡೀಸೆಲ್ ಒಂಬತ್ತು ರೂಪಾಯಿ, ದಾರ ಐದು, ಡ್ರೈವರ್ ಮತ್ತು ಕೈಯಾಳು ಐದು, ರಿಪೇರಿ ಮೂರು, ಒಟ್ಟು 22 ಖರ್ಚು ಹಿಡಿಯಿರಿ. ಬೇರೆಯವರ ಗದ್ದೆಯಲ್ಲಿ ಪೆಂಡಿಗೆ 35 ರೂಪಾಯಿ ಕೂಲಿಗೆ ಕಟ್ಟಿಕೊಟ್ಟರೆ 13 ಉಳಿಯಿತು. 10,500ಕ್ಕೆ 1,36,500 ರೂಪಾಯಿ. ನಾಲ್ಕು ಲಕ್ಷ ಸಾಲವನ್ನು ಐದು ವರ್ಷದಲ್ಲಿ, ಶೇಕಡ ಹತ್ತರ ಬಡ್ಡಿಯಲ್ಲಿ ತೀರಿಸುವ ಕಂತು ವರ್ಷಕ್ಕೆ ಸುಮಾರು 1,02,000. ಕೈಗೆ ಉಳಿದದ್ದು ಮೂವತ್ತನಾಲ್ಕು ಸಾವಿರ, ಅದರಲ್ಲಿ ಟ್ರ್ಯಾಕ್ಟರ್ ಸವೆತ ಇನ್ನೂ ಹಿಡಿದಿಲ್ಲ. ಕೆಲಸದ ದಿನ 35ರಿಂದ 20ಕ್ಕೆ ಇಳಿದರೆ ಉಳಿಕೆ 78,000, ಕಂತಿಗೇ ಸಾಲದು. ಬರೀ ಕೂಲಿಗೆ ಕಟ್ಟುವವರು ವರ್ಷವೆಲ್ಲ ಓಡಾಡಿಯೂ ಯಾಕೆ ಸೊರಗುತ್ತಾರೆ ಎಂದು ಈಗ ಗೊತ್ತಾಯಿತಲ್ಲ.

ಈಗ ಅದೇ 10,500ರಲ್ಲಿ 2,000 ಪೆಂಡಿಯನ್ನು ನಿಮ್ಮದಾಗಿ ಇಟ್ಟುಕೊಳ್ಳಿ. ಗದ್ದೆಯವರಿಗೆ ಹುಲ್ಲಿನ ಬಾಬ್ತು ಪೆಂಡಿಗೆ 15, ಹೊತ್ತು ತುಂಬಿ ಇಳಿಸಿ ಒಟ್ಟುವುದಕ್ಕೆ 15, ಜಾಗ ಮತ್ತು ಟಾರ್ಪಾಲಿಗೆ ಐದು, ಹಾಳಾಗುವುದಕ್ಕೆ ಐದು. ಕಟ್ಟಿದ ಖರ್ಚು 22 ಸೇರಿ 62 ಆಯಿತು. ಏಪ್ರಿಲ್‌ನಲ್ಲಿ ನಿಮ್ಮ ಜಾಗದಲ್ಲೇ 100ಕ್ಕೆ ಕೊಟ್ಟರೆ ಒಂದಕ್ಕೆ 38, ಒಟ್ಟು 76,000. ಉಳಿದ 8,500ರ ಕೂಲಿ ಕೆಲಸದಲ್ಲಿ 1,10,500. ಕಂತು ಕಳೆದು 84,500. ಐದನೆಯ ಒಂದು ಪಾಲು ಹುಲ್ಲನ್ನು ಕಾದಿಟ್ಟಿದ್ದಕ್ಕೆ ಉಳಿಕೆ ಎರಡೂವರೆ ಪಟ್ಟಾಯಿತು. ಹಾಗೆಂದು ಮೊದಲ ವರ್ಷವೇ ಹತ್ತು ಸಾವಿರ ಪೆಂಡಿ ಕೂಡಿಡಲು ಹೋಗಬೇಡಿ. ಎರಡು ಸಾವಿರಕ್ಕೆ ಎಷ್ಟು ಜಾಗ ಬೇಕು ಗೊತ್ತೇ? ಒಂದು ಪೆಂಡಿಗೆ ನೆಲದಲ್ಲಿ ಆರು ಚದರ ಅಡಿ. ಆರು ಸಾಲು ಮೇಲಕ್ಕೆ ಒಟ್ಟಿದರೂ ನಲವತ್ತು ಅಡಿಗೆ ಐವತ್ತು ಅಡಿಯ ನೆಲ, ಹನ್ನೆರಡು ಅಡಿ ಎತ್ತರ. ತೂಕ ನಲವತ್ತು ಟನ್. ಹುಲ್ಲು ತೂಕದ ಸರಕಲ್ಲ, ಜಾಗದ ಸರಕು. ಬಾಡಿಗೆ ಕೊಡುವುದೂ ಜಾಗಕ್ಕೇ: ಹತ್ತು ಅಡಿಗೆ ಆರು ಅಡಿಯ ಟ್ರೇಲರ್‌ನಲ್ಲಿ ಒಂದು ಸಾಲಿಗೆ ಹತ್ತೇ ಪೆಂಡಿ ಹಿಡಿಯುವುದು, ಐದು ಸಾಲಿಗೆ ಐವತ್ತು, ಅಂದರೆ ಒಂದು ಟನ್ ಮಾತ್ರ. ದೂರದ ಊರಿಗೆ ಟ್ರ್ಯಾಕ್ಟರ್‌ನಲ್ಲಿ ಕಳಿಸಿದರೆ ಲಾಭವೆಲ್ಲ ಡೀಸೆಲ್‌ಗೆ ಹೋಗುತ್ತದೆ. ಮೂವತ್ತು ಕಿಲೋಮೀಟರ್ ಒಳಗಿದ್ದರೆ ನಿಮ್ಮ ಟ್ರೇಲರ್, ಅದಕ್ಕೂ ಮೇಲಾದರೆ ಲಾರಿ ಅವರದೇ ಆಗಲಿ.

ಈ ಕಸುಬಿನ ಜೀವ ಇರುವುದು ತೇವದಲ್ಲಿ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನನ್ನ ಮೊದಲ ವರ್ಷದ ಅರ್ಧ ಹುಲ್ಲನ್ನು ನಾನು ಕಳೆದುಕೊಂಡದ್ದು ಇದರಿಂದಲೇ. ಡಿಸೆಂಬರ್ ಮೊದಲ ವಾರ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಸುದ್ದಿ. ಮಳೆ ಬಂದೀತೆಂದು ಹೆದರಿ, ಕೊಯ್ದು ಎರಡೇ ದಿನವಾದ ಗದ್ದೆಗೆ ಎರಡೂ ಬೇಲರ್ ಇಳಿಸಿ ರಾತ್ರಿ ಹತ್ತರವರೆಗೆ ಏಳುನೂರು ಪೆಂಡಿ ಕಟ್ಟಿಸಿದೆ. ಮಳೆ ಬರಲಿಲ್ಲ. ಹನ್ನೆರಡನೆಯ ದಿನ ಬೆಳಗ್ಗೆ ಬಣವೆಯ ನೆತ್ತಿಯಿಂದ ಆವಿ ಏಳುತ್ತಿತ್ತು, ಹುಳಿತ ಬೆಲ್ಲದ ವಾಸನೆ. ಬಿಚ್ಚಿಸಿದಾಗ ನಡುವಿನ ಪೆಂಡಿಗಳು ಕೈಯಲ್ಲಿ ಮುಟ್ಟಲಾಗದಷ್ಟು ಬಿಸಿ, ಒಳಗೆಲ್ಲ ಕಂದು ಬಣ್ಣ, ಬಿಳಿ ಬೂಷ್ಟು. ಬೆಂಕಿ ಹತ್ತದೆ ಉಳಿದದ್ದೇ ಪುಣ್ಯ.

ಕಟಾವಾದ ಗಳಿಗೆಯಲ್ಲಿ ಭತ್ತದ ಹುಲ್ಲಿನ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಕೂಡಿಡುವ ಹುಲ್ಲಿನಲ್ಲಿ ಅದು ನೂರಕ್ಕೆ ಹದಿನೈದರ ಒಳಗೆ ಬರಬೇಕು. ಇಪ್ಪತ್ತು ದಾಟಿದರೆ ಬೂಷ್ಟು ಖಂಡಿತ. ಅದು ಬರೀ ಬಣ್ಣದ ಮಾತಲ್ಲ. ಬೂಷ್ಟು ಹಿಡಿದ ಭತ್ತದ ಹುಲ್ಲು ತಿಂದ ಎಮ್ಮೆಗಳಿಗೆ ಬಾಲದ ತುದಿ, ಕಿವಿಯಂಚು, ಗೊರಸಿನ ಮೇಲಿನ ಚರ್ಮ ಕೊಳೆಯುವ ಡೆಗ್ನಾಲ ಎಂಬ ರೋಗ ಬರುತ್ತದೆ. ಬಿಸಿಲು ಚೆನ್ನಾಗಿದ್ದರೆ ಮೂರು ನಾಲ್ಕು ದಿನ, ನಡುವೆ ಒಂದು ಸಲ ಸಾಲು ಮಗುಚಿ ಹಾಕಿದರೆ ಹುಲ್ಲು ಹದಕ್ಕೆ ಬರುತ್ತದೆ. ಡಿಸೆಂಬರ್‌ನಲ್ಲಿ ಇಬ್ಬನಿ ಆರುವ ತನಕ, ಅಂದರೆ ಹತ್ತು ಹತ್ತೂವರೆಯ ತನಕ ಬೇಲರ್ ಎಬ್ಬಿಸಬೇಡಿ, ಸಂಜೆ ಇಬ್ಬನಿ ಇಳಿಯುವ ಮೊದಲು ನಿಲ್ಲಿಸಿ. ತೇವ ಅಳೆಯುವ ಮೀಟರ್ ಸಿಗುತ್ತದೆ, ಕೊಳ್ಳಿ. ಇಲ್ಲದಿದ್ದರೆ ಹಳೆಯ ಉಪಾಯ ಒಂದಿದೆ: ಸಾಲಿನ ಅಡಿಯಿಂದ ಹುಲ್ಲು ತೆಗೆದು ಸಣ್ಣಗೆ ಕತ್ತರಿಸಿ, ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಹಾಕಿ, ಒಂದು ಹಿಡಿ ಒಣ ಪುಡಿಯುಪ್ಪು ಸೇರಿಸಿ ಮುಚ್ಚಳ ಹಾಕಿ ಎರಡು ನಿಮಿಷ ಕುಲುಕಿ. ಉಪ್ಪು ಉದುರುದುರಾಗಿಯೇ ಇದ್ದರೆ ಕಟ್ಟಬಹುದು. ಉಂಡೆ ಕಟ್ಟಿದರೆ ಅಥವಾ ಗಾಜಿಗೆ ಅಂಟಿದರೆ ಇನ್ನೊಂದು ಬಿಸಿಲು ಬೇಕು. ಸಾಲಿನ ಮೇಲಿನ ಹುಲ್ಲು ಯಾವಾಗಲೂ ಒಣಗಿದಂತೆಯೇ ಕಾಣುತ್ತದೆ. ಅಡಿಯ ಹುಲ್ಲು ಮತ್ತು ಗಣ್ಣನ್ನು ನೋಡಬೇಕು. ಗಣ್ಣನ್ನು ಉಗುರಿನಿಂದ ಒತ್ತಿದಾಗ ಹಸಿ ಅಂಟಬಾರದು.

ಬಣವೆ ಒಟ್ಟಿದ ಮೇಲೆ ಮೊದಲ ಆರು ವಾರ ಕಾಯಬೇಕಾದ ಕಾಲ. ಎಂಟು ಅಡಿ ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿಟ್ಟು, ಒಂದು ತಾಸು ಬಿಟ್ಟು ಎಳೆದು ಹಿಡಿಯಿರಿ. ಹಿಡಿದುಕೊಂಡೇ ಇರಲಾಗದಷ್ಟು ಬಿಸಿಯಿದ್ದರೆ ಅಂದೇ ಬಿಚ್ಚಬೇಕು, ಹತ್ತಿರ ನೀರಿನ ಟ್ಯಾಂಕರ್ ಇಟ್ಟುಕೊಂಡು ಬಿಚ್ಚಬೇಕು. ಒಳಗೆ ಕಾದ ಹುಲ್ಲಿಗೆ ಒಮ್ಮೆಲೇ ಗಾಳಿ ತಗುಲಿದಾಗ ಭುಗಿಲೆನ್ನುವುದುಂಟು. ಮೇಲೆ ಹತ್ತಿ ನಿಲ್ಲಬೇಡಿ, ಒಳಗೆ ಸುಟ್ಟು ಟೊಳ್ಳಾಗಿದ್ದರೆ ಕುಸಿಯುತ್ತದೆ.

ಹುಲ್ಲು ಒಣಗುವುದೂ ಬಿಡುವುದೂ ಅರ್ಧ ನಿಂತಿರುವುದು ಕಟಾವು ಮಿಷನ್ನಿನವರ ಕೈಯಲ್ಲಿ. ನಮ್ಮ ಕಡೆಗೆ ಕೊಯ್ಲಿಗೆ ಬರುವ ಮಿಷನ್ನುಗಳಲ್ಲಿ ಬಹಳಷ್ಟು ತಮಿಳುನಾಡಿನವು, ಊರಿನ ಏಜೆಂಟರ ಮೂಲಕ ಗದ್ದೆಗೆ ಇಳಿಯುತ್ತವೆ. ಆ ಏಜೆಂಟರ ಸ್ನೇಹ ನಿಮಗೆ ಬೇಕು. ಹುಲ್ಲು ಕತ್ತರಿಸಿ ಎರಚುವ ಚಾಪರ್ ಬಿಚ್ಚಿಸಿ, ಹುಲ್ಲು ಉದ್ದಕ್ಕೆ ಸಾಲಾಗಿ ಬೀಳುವಂತೆ ಮಾಡಿಸಬೇಕು. ನೆಲದಿಂದ ನಾಲ್ಕೈದು ಇಂಚಿಗೆ ಕೊಯ್ದರೆ ಹುಲ್ಲು ಸಿಗುತ್ತದೆ. ಅವಸರಕ್ಕೆ ಒಂದಡಿ ಮೇಲೆ ಕೊಯ್ದರೆ ಕೂಳೆಯಲ್ಲೇ ನಿಂತುಹೋಗುತ್ತದೆ. ಚೈನ್ ಮಿಷನ್ ಕೆಸರಿನಲ್ಲೂ ಇಳಿಯುತ್ತದೆ ಎಂದು ನೀರು ಬಸಿಯದ ಗದ್ದೆ ಕೊಯ್ಸಿದರೆ ಹುಲ್ಲಿನ ತುಂಬ ಮಣ್ಣು, ಹಸು ಮೂಸಿ ಬಿಡುತ್ತದೆ, ನಿಮ್ಮ ಬೇಲರ್‌ನ ಬೇರಿಂಗ್ ಕೂಡ ಬೇಗ ಹೋಗುತ್ತದೆ. ಕೊಯ್ಲಿಗೆ ಹತ್ತು ದಿನ ಮೊದಲೇ ನೀರು ಬಿಡುವುದನ್ನು ನಿಲ್ಲಿಸಿ ಗದ್ದೆ ಬಸಿಯಲು ಬಿಡುವಂತೆ ಗದ್ದೆಯವರಿಗೆ ಹೇಳಿ. ಕಾಳಿಗೆ ಹಾಲು ತುಂಬುವ ಹೊತ್ತಿನಲ್ಲಿ ಔಷಧಿ ಹೊಡೆದಿದ್ದಾರೆಯೇ, ಹೊಡೆದಿದ್ದರೆ ಯಾವಾಗ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹಾಲು ಕುಡಿಯುವ ಮಕ್ಕಳ ಮನೆಗೆ ಹೋಗುವ ಹುಲ್ಲು ಅದು.

ಈಗ ಯಂತ್ರಕ್ಕೆ ಬರೋಣ. ನಿಮ್ಮ 42 ಎಚ್.ಪಿ. ಟ್ರ್ಯಾಕ್ಟರ್ ಸಣ್ಣ ಉರುಳೆ ಬೇಲರ್‌ಗೆ ಸಾಕು. ಆದರೆ ಒಂದು ವಿಷಯ ಇವತ್ತೇ ಪರೀಕ್ಷಿಸಿ: ಅದು ಡಬಲ್ ಕ್ಲಚ್ಚಿನದೇ? ಉರುಳೆ ಬೇಲರ್ ತುಂಬಿದ ಮೇಲೆ ಟ್ರ್ಯಾಕ್ಟರ್ ನಿಲ್ಲಬೇಕು, ಬೇಲರ್ ತಿರುಗಿಸುವ ಟ್ರ್ಯಾಕ್ಟರ್ ಹಿಂದಿನ ಶಾಫ್ಟ್, ಅಂದರೆ ಪಿ.ಟಿ.ಓ. ಮಾತ್ರ ತಿರುಗುತ್ತಲೇ ಇರಬೇಕು. ಆಗಲೇ ದಾರ ಸುತ್ತಿ ಪೆಂಡಿ ಹೊರಬೀಳುವುದು. ಸಿಂಗಲ್ ಕ್ಲಚ್ಚಿನಲ್ಲಿ ಕ್ಲಚ್ ತುಳಿದರೆ ಪಿ.ಟಿ.ಓ.ನೂ ನಿಲ್ಲುತ್ತದೆ, ದಿನಕ್ಕೆ ಮುನ್ನೂರು ಸಲ ಗೇರ್ ಬಿಡಿಸಿ ಹಾಕುವುದು ಡ್ರೈವರ್‌ನ ಕಾಲಿಗೂ ಗೇರ್‌ಬಾಕ್ಸಿಗೂ ಕಷ್ಟ. ಪಿ.ಟಿ.ಓ. ವೇಗ ನಿಮಿಷಕ್ಕೆ 540 ಸುತ್ತು ಇರಬೇಕು, ಡೀಸೆಲ್ ಉಳಿಸಲು ಅದನ್ನು ಇಳಿಸಿದರೆ ಪೆಂಡಿ ಸಡಿಲವಾಗುತ್ತದೆ.

ಚೌಕ ಪೆಂಡಿ ಕಟ್ಟುವ ಬೇಲರ್ ಬೇರೆ ಜಾತಿಯದು. ನಿಲ್ಲದೆ ಕಟ್ಟುತ್ತಾ ಹೋಗುತ್ತದೆ, ಪೆಂಡಿ ಇಟ್ಟಿಗೆಯಂತೆ ಕೂರುತ್ತದೆ, ಲಾರಿಗೆ ಹೆಚ್ಚು ಹಿಡಿಯುತ್ತದೆ. ಉರುಳೆಗಳನ್ನು ಒಂದರ ಮೇಲೊಂದು ಇಟ್ಟರೆ ಜಾಗದಲ್ಲಿ ಐದನೆಯ ಒಂದು ಪಾಲು ಗಾಳಿಯೇ. ಆದರೆ ಚೌಕ ಬೇಲರ್‌ಗೆ ಬೆಲೆ ಎರಡು ಮೂರು ಪಟ್ಟು, ಐವತ್ತರ ಹತ್ತಿರದ ಎಚ್.ಪಿ. ಬೇಕು, ಗಂಟು ಹಾಕುವ ನಾಟರ್ ಹದ ತಪ್ಪಿದರೆ ಅದನ್ನು ಬಲ್ಲ ಮಿಸ್ತ್ರಿ ಬೇಕು. ದೂರಕ್ಕೆ ಲಾರಿ ಲೆಕ್ಕದಲ್ಲಿ ಕಳಿಸುವವರಿಗೆ ಅದು ಸರಿ. ನಿಮಗೆ ಈಗ ಬೇಡ, ಉರುಳೆಯದೇ ಸಾಕು.

ಯಾವ ಕಂಪನಿ ಎಂದು ಕೇಳಿದ್ದೀರಿ. ನಾನು ಹೆಸರಿಗಿಂತ ದೂರ ನೋಡುತ್ತೇನೆ. ಬಿಡಿಭಾಗ ನಿಮ್ಮ ಊರಿನಿಂದ ಎರಡು ತಾಸಿನ ಒಳಗೆ, ನವೆಂಬರ್‌ನಿಂದ ಜನವರಿವರೆಗೆ ಭಾನುವಾರವೂ ಸಿಗುವ ಯಂತ್ರವೇ ನಿಮಗೆ ಒಳ್ಳೆಯ ಯಂತ್ರ. ಒಂದು ವರ್ಷ ನನ್ನ ಬೇಲರ್‌ನ ಒಂದು ಬೇರಿಂಗ್ ಹೋಗಿ, ಮಾರಿದ ಅಂಗಡಿಯವರು ನಾಳೆ ನಾಳೆ ಎಂದು ಆರು ದಿನ ಕಳೆದರು. ಆ ಆರು ದಿನದಲ್ಲಿ ನನಗೆ ಮಾತು ಕೊಟ್ಟಿದ್ದ ಮೂವತ್ತು ಎಕರೆಯವರು ಬೇರೆಯವರನ್ನು ಕರೆಸಿಕೊಂಡರು. ಅವರ ತಪ್ಪಿಲ್ಲ, ಅವರಿಗೆ ಮುಂದಿನ ಬೆಳೆಗೆ ಗದ್ದೆ ಖಾಲಿಯಾಗಬೇಕು. ಅಂದಿನಿಂದ ಬೇರಿಂಗ್ ಎರಡು ಜೊತೆ, ಒಂದು ಚೈನ್, ಪಿಕಪ್ ಹಲ್ಲು ಹತ್ತು, ಶೀರ್ ಬೋಲ್ಟ್ ಒಂದು ಡಬ್ಬಿ ಟ್ರ್ಯಾಕ್ಟರ್‌ನಲ್ಲೇ ಇರುತ್ತಿದ್ದವು. ಹಳೆಯ ಬೇಲರ್ ಕಡಿಮೆಗೆ ಸಿಕ್ಕರೆ ತೆಗೆದುಕೊಳ್ಳಬಹುದು, ಆದರೆ ಗದ್ದೆಯಲ್ಲಿ ಐವತ್ತು ಪೆಂಡಿ ಕಟ್ಟಿಸಿ ನೋಡದೆ ಮುಂಗಡ ಕೊಡಬೇಡಿ.

ದಾರ ಸೆಣಬಿನದೇ ಇರಲಿ. ಪ್ಲಾಸ್ಟಿಕ್ ದಾರ ಅಗ್ಗ, ಆದರೆ ತುಂಡುಗಳು ಹುಲ್ಲಿನ ಜೊತೆ ಹಸುವಿನ ಹೊಟ್ಟೆ ಸೇರಿ ಗಂಟಾಗಿ ಕೂರುತ್ತವೆ. ಪೆಂಡಿಗೆ ಒಂದೆರಡು ರೂಪಾಯಿ ಉಳಿಸಲು ಒಬ್ಬರ ಹಸು ಕೊಲ್ಲುವ ಕೆಲಸ ನಮಗೆ ಬೇಡ.

ಇನ್ನೊಂದು ಮಾತನ್ನು ಕೈ ಮುಗಿದು ಹೇಳುತ್ತೇನೆ. ಬೇಲರ್ ಬಾಯಿಗೆ ಹುಲ್ಲು ಸಿಕ್ಕಿಕೊಂಡಾಗ ಪಿ.ಟಿ.ಓ. ಬಿಡಿಸಿ, ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡ ಮೇಲೆಯೇ ಕೈ ಹಾಕಬೇಕು. ಹುಲ್ಲನ್ನು ಎಳೆದುಕೊಳ್ಳುವ ವೇಗ ಮನುಷ್ಯ ಕೈ ಬಿಡುವ ವೇಗಕ್ಕಿಂತ ಹೆಚ್ಚು. ಹೆಗಲ ಮೇಲಿನ ಟವೆಲ್, ಲುಂಗಿ, ಪಂಚೆ ಹಾಕಿಕೊಂಡು ತಿರುಗುವ ಶಾಫ್ಟ್ ಹತ್ತಿರ ಯಾರೂ ಹೋಗಬಾರದು. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದರೆ ಅಂದೇ ಹೊಸದು ಹಾಕಿಸಿ. ಇಳಿಜಾರಿನಲ್ಲಿ ಬಿದ್ದ ಉರುಳೆ ಪೆಂಡಿ ಉರುಳಿ ಹೋಗುತ್ತದೆ, ಮಕ್ಕಳನ್ನು ಗದ್ದೆಯ ಹತ್ತಿರ ಬಿಡಬೇಡಿ. ಬೇರಿಂಗ್ ಸುತ್ತ, ಸೈಲೆನ್ಸರ್ ಹತ್ತಿರ ಕೂತ ಹೊಟ್ಟನ್ನು ಎರಡು ಗಂಟೆಗೊಮ್ಮೆ ಕೊಡವಿ. ಒಂದು ಬೆಂಕಿ ನಂದಿಸುವ ಸಿಲಿಂಡರ್ ಮತ್ತು ಎರಡು ಕ್ಯಾನ್ ನೀರು ಟ್ರ್ಯಾಕ್ಟರ್‌ನಲ್ಲಿ ಇರಲಿ. ಹುಲ್ಲು ತುಂಬಿದ ಲಾರಿಗೆ ವಿದ್ಯುತ್ ತಂತಿ ತಗುಲಿ ಹೊತ್ತಿ ಉರಿದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಲೋಡು ಹೋಗುವ ದಾರಿಯನ್ನು ಮೊದಲು ಬೈಕಿನಲ್ಲಿ ಹೋಗಿ, ತಂತಿ ಎಲ್ಲಿ ಜೋತಿದೆ ಎಂದು ನೋಡಿ ಬನ್ನಿ. ಬಣವೆಯ ಜಾಗ ಟ್ರಾನ್ಸ್‌ಫಾರ್ಮರ್, ತಂತಿ, ಮನೆ, ಕೊಟ್ಟಿಗೆ ಎಲ್ಲದರಿಂದ ದೂರವಿರಲಿ. ಒಂದೇ ದೊಡ್ಡ ಬಣವೆಗಿಂತ ನಡುವೆ ಐವತ್ತು ಅಡಿ ಬಿಟ್ಟು ಎರಡು ಒಟ್ಟಿದರೆ ಒಂದಾದರೂ ಉಳಿಯುತ್ತದೆ. ಬೆಂಕಿ ವಿಮೆ ಮಾಡಿಸಿ.

ಮಾರುವಾಗ ಪೆಂಡಿ ಲೆಕ್ಕ ಇದ್ದರೂ ತೂಕ ಹೇಳಿ ಮಾರಿ. ಸಡಿಲ ಕಟ್ಟಿ ಹನ್ನೆರಡು ಕಿಲೋದ ಪೆಂಡಿಯನ್ನು ಇಪ್ಪತ್ತರದ್ದು ಎಂದು ಕೊಡುವವರು ಇದ್ದಾರೆ. ನೀವು ಒಂದು ತೂಗುತಕ್ಕಡಿ ಇಟ್ಟು, ಗಿರಾಕಿ ಆರಿಸಿದ ಐದು ಪೆಂಡಿ ಅವರೆದುರೇ ತೂಗಿ ಸರಾಸರಿ ಬರೆದುಕೊಡಿ. ಇದೊಂದೇ ಕೆಲಸ ನನಗೆ ಎರಡನೆಯ ವರ್ಷ ಅರ್ಧ ಗಿರಾಕಿಗಳನ್ನು ತಂದುಕೊಟ್ಟಿತು. ಹಳ್ಳಿಯ ಹಾಲಿನ ಡೈರಿಯ ಕಾರ್ಯದರ್ಶಿಯನ್ನು ಮಾತನಾಡಿಸಿ, ಬೆಳಗಿನ ಹಾಲು ಹಾಕುವ ಹೊತ್ತಿಗೆ ಒಂದು ಪೆಂಡಿ ಬಿಚ್ಚಿ ತೋರಿಸಿ. ಡೈರಿ ಬಿಲ್ಲು ಬರುವ ದಿನ ಹಣ ಕೊಡುತ್ತೇನೆಂದರೆ ಒಪ್ಪಬಹುದು, ಅದಕ್ಕಿಂತ ಉದ್ದದ ಸಾಲ ಬೇಡ. ಲಾರಿ ತರುವ ದೊಡ್ಡ ವ್ಯಾಪಾರಿಗೆ ಅರ್ಧ ಮುಂಗಡ, ಉಳಿದರ್ಧ ಲೋಡು ಕಟ್ಟುವ ಮೊದಲು. ದರ ನಾಲ್ಕು ರೂಪಾಯಿ ಕಡಿಮೆಯಾದರೂ ನಡೆಯುತ್ತದೆ, ಈ ಮಾತು ಸಡಿಲಬಾರದು.

ಸಹಾಯಧನದ ದಾರಿ ಎರಡಿವೆ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಬೇಲರ್‌ನಂಥ ಯಂತ್ರಗಳಿಗೆ ಶೇಕಡ 40ರಿಂದ 50ರವರೆಗೆ, ಮಿತಿಗೊಳಪಟ್ಟು, ಸಹಾಯಧನದ ಅವಕಾಶವಿದೆ. ಸಣ್ಣ ಮತ್ತು ಅತಿಸಣ್ಣ ರೈತರು, ಮಹಿಳೆಯರು, ಪರಿಶಿಷ್ಟರಿಗೆ ಹೆಚ್ಚಿನ ಪಾಲು. ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ, ಪಹಣಿ ಹಿಡಿದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಈ ವರ್ಷದ ಪಟ್ಟಿಯಲ್ಲಿ ಬೇಲರ್ ಇದೆಯೇ ಕೇಳಿ. ಮಂಜೂರಾತಿಗೆ ಮೊದಲು ಯಂತ್ರ ಕೊಳ್ಳಬೇಡಿ, ಆಮೇಲೆ ಬಿಲ್ಲು ಹಿಡಿದು ಅಲೆದರೆ ಪ್ರಯೋಜನವಿಲ್ಲ. ಇನ್ನೊಂದು ರಾಷ್ಟ್ರೀಯ ಜಾನುವಾರು ಮಿಷನ್. 2021ರಲ್ಲಿ ಪರಿಷ್ಕರಿಸಿದ ಮೇಲೆ ಒಣಮೇವು, ರಸಮೇವು, ಮೇವಿನ ಇಟ್ಟಿಗೆ ಮಾಡುವ ಘಟಕಗಳಿಗೆ ಬಂಡವಾಳದ ಅರ್ಧ, ಗರಿಷ್ಠ 50 ಲಕ್ಷದವರೆಗೆ ಕೊಡುವ ಯೋಜನೆ ಅದು. ಷೆಡ್, ಯಂತ್ರ ಸೇರಿ ದೊಡ್ಡದಾಗಿ ಮಾಡುವವರಿಗೆ ಹೊಂದುತ್ತದೆ. ನೀವು ಎರಡು ಕೊಯ್ಲು ನೋಡಿದ ಮೇಲೆ ಅತ್ತ ಹೊರಳಿ. ನನ್ನ ಮಾತು ಇಷ್ಟು: ಸಹಾಯಧನ ಬರಲಿ ಬಿಡಲಿ ನಡೆಯುವ ಲೆಕ್ಕವಾದರೆ ಮಾತ್ರ ಇಳಿಯಿರಿ.

ಬರದ ವರ್ಷ ಹುಲ್ಲಿನವನಿಗೆ ಸುಗ್ಗಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಅಂಥ ವರ್ಷ ದರ ಏರುತ್ತದೆ ನಿಜ, ಆದರೆ ನಾಲೆಯಲ್ಲಿ ಬೇಸಿಗೆ ಬೆಳೆಗೆ ನೀರಿಲ್ಲದಿದ್ದರೆ ಕಟ್ಟಲು ಹುಲ್ಲೇ ಇರುವುದಿಲ್ಲ, ಹೊರರಾಜ್ಯಕ್ಕೆ ಮೇವು ಸಾಗಿಸುವುದಕ್ಕೆ ನಿರ್ಬಂಧವೂ ಬರುತ್ತದೆ. ಭದ್ರಾ ನಾಲೆಯ ಕೊನೆಭಾಗದವರ ಪಾಡು ನಿಮಗೆ ನಾನು ಹೇಳಬೇಕಿಲ್ಲ. ಆದ್ದರಿಂದಲೇ ಕಂತಿನ ಲೆಕ್ಕವನ್ನು ಮಳೆಗಾಲದ ಒಂದೇ ಬೆಳೆಯ ಮೇಲೆ ಕಟ್ಟಿ, ಬೇಸಿಗೆಯದ್ದು ಬಂದರೆ ಬರಲಿ ಎನ್ನುವಂತಿರಲಿ. ಏಪ್ರಿಲ್, ಮೇ ತಿಂಗಳ ಹುಲ್ಲು ಮುಂಗಾರುಪೂರ್ವ ಮಳೆಗೆ ಸಿಕ್ಕಿ ಕೆಡುವುದೂ ಹೆಚ್ಚು. ಬಿಡುವಿನ ತಿಂಗಳಲ್ಲಿ ರಾಗಿಹುಲ್ಲು, ಶೇಂಗಾ ಹೊಟ್ಟು, ಕಬ್ಬಿನ ರವದಿ ಕಟ್ಟುವ ಕೆಲಸ ಕೇಳಿ ಬರುತ್ತದೆ. ರವದಿ ಯಂತ್ರವನ್ನು ಬೇಗ ಸವೆಸುತ್ತದೆ, ಕೂಲಿ ಹೆಚ್ಚಿಗೆ ಕೇಳಿ. ಮೆಕ್ಕೆಜೋಳದ ದಂಟಿಗೆ ಈ ಸಣ್ಣ ಬೇಲರ್ ಇಳಿಸಲೇಬೇಡಿ. ಮುಂದೆ ಎಂದಾದರೂ ರೋಡ್ಸ್ ಹುಲ್ಲು, ಕುದುರೆಮೆಂತೆ ಬೆಳೆದು ಹಸಿರು ಬಣ್ಣ ಉಳಿಯುವಂತೆ ಒಣಗಿಸಿ ಮಾರುವ ಆಸೆಯಾದರೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ.

ಈ ವರ್ಷಕ್ಕೆ ನನ್ನ ಸಲಹೆ: ಬೇಲರ್ ಕೊಳ್ಳಬೇಡಿ. ಬರುವ ಕೊಯ್ಲಿಗೆ ಇನ್ನೊಬ್ಬರ ಬೇಲರ್‌ನಿಂದ ಕೂಲಿ ಕೊಟ್ಟು ಐನೂರು ಪೆಂಡಿ ಕಟ್ಟಿಸಿ, ನಿಮ್ಮ ಟ್ರೇಲರ್‌ನಲ್ಲೇ ಸಾಗಿಸಿ, ಏಪ್ರಿಲ್‌ವರೆಗೆ ಇಟ್ಟು ಮಾರಿ ನೋಡಿ. ಎಂಟು ಮನೆಯ ಹುಲ್ಲು ಅದು. ಎಷ್ಟು ಕೆಟ್ಟಿತು, ಯಾರು ಹಣ ಕೊಟ್ಟರು, ಯಾರು ಮತ್ತೆ ಕೇಳಿದರು ಎಂದು ಪುಸ್ತಕದಲ್ಲಿ ಬರೆಯಿರಿ. ಆ ಪುಸ್ತಕ ಹಿಡಿದು ಬ್ಯಾಂಕಿಗೆ ಹೋಗಿ.

ತಂದೆಯವರ ಮಾತಿಗೆ ನೀವು ಬೇಸರಪಡಬೇಡಿ. ಅವರ ಕಾಲದಲ್ಲಿ ಹುಲ್ಲು ಮಾರುವುದೆಂದರೆ ಮನೆಯ ಎತ್ತಿನ ಬಾಯಿಂದ ಕಿತ್ತು ಮಾರುವುದು. ಹಾಗಾಗಿಯೇ ಆ ಮಾತು. ಆದರೆ ಕೈಕೊಯ್ಲಿನ ಹುಲ್ಲನ್ನು ಬಣವೆ ಒಟ್ಟಿ, ಎರಡು ಮಳೆಗಾಲ ಒಂದು ಹನಿ ಒಳಗಿಳಿಯದಂತೆ ಕಾದವರು ಅವರು. ಬುಡಕ್ಕೆ ಯಾವ ಕಲ್ಲು ಹಾಸಬೇಕು, ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ, ನೆತ್ತಿಯ ಇಳಿಜಾರು ಎಷ್ಟಿದ್ದರೆ ನೀರು ನಿಲ್ಲದೆ ಜಾರುತ್ತದೆ ಎಂಬುದು ಅವರ ಕೈಗೆ ಗೊತ್ತು, ನನ್ನ ಪುಸ್ತಕಗಳಲ್ಲಿ ಅಷ್ಟು ಇಲ್ಲ. ಆ ಐನೂರು ಪೆಂಡಿ ಇಳಿಸುವ ದಿನ ಅವರನ್ನು ಕರೆದುಕೊಂಡು ಹೋಗಿ, ಮೊದಲ ಸಾಲನ್ನು ಅವರ ಕೈಯಿಂದಲೇ ಇಡಿಸಿ.